ಹಳೆಯ ಮೋಟಾರಿಗೆ ಹೊಸ ತಂಪು

ಇಂದು ನಾನು ಶ್ರೋತೃಗಳ ಮುಂದಿಡಬೇಕೆಂದಿರುವ ವಿಷಯವು ಮೇಲುನೋಟಕ್ಕೆ ಬರಿಯ ವಿಲಾಸದ ವಿಷಯವೆಂದು ತೋರಬಹುದು. ಐವತ್ತು ಅರುವತ್ತು ವರ್ಷಗಳ ಹಿಂದೆ ತಯಾರಾದ ಮೋಟಾರು ಗಾಡಿಯೊಂದಕ್ಕೆ, ಅದು ಹುಟ್ಟಿದಾಗ ಇಲ್ಲದಿದ್ದ ಹವಾನಿಯಂತ್ರಣ ಯಂತ್ರವನ್ನು ಈಗ ಜೋಡಿಸುವುದು ಹೇಗೆ, ಜೋಡಿಸಿದರೆ ಏನಾಗುತ್ತದೆ, ಹಾಗೆ ಜೋಡಿಸುವುದು ಯುಕ್ತವೆ ಎಂಬುದೇ ಆ ವಿಷಯ. ಹಳೆಯ ಗಾಡಿಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದಿರುವವರು ನಮ್ಮ ಪಟ್ಟಣಗಳಲ್ಲಿ ಅನೇಕರಿದ್ದಾರೆ. ಅವರಲ್ಲಿ ಬಹುಮಂದಿಗೆ ಪ್ರತಿ ಬೇಸಗೆಯಲ್ಲಿಯೂ ಈ ಪ್ರಶ್ನೆ ಎದುರಾಗುತ್ತದೆ. ನನಗೂ ಎದುರಾಯಿತು. ಅದಕ್ಕೆ ನಾನು ಕೊಟ್ಟ ಮೊದಲ ಉತ್ತರ ತಪ್ಪಾಗಿತ್ತು. ಆ ತಪ್ಪಿನಿಂದ ಕಲಿತದ್ದನ್ನು ಹೇಳಿದರೆ ಇತರರಿಗೆ ಉಪಯೋಗವಾದೀತೆಂದು ಈ ಮಾತನ್ನು ಎತ್ತಿಕೊಂಡಿದ್ದೇನೆ.

ನಮ್ಮ ಮನೆಯಲ್ಲಿ ೧೯೬೮ರ ಒಂದು ಅಂಬಾಸಿಡರ್ ಗಾಡಿ ಇದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮಾದರಿಯಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು ಬಂಗಾಳದ ಉತ್ತರಪಾಡದಲ್ಲಿ ತಯಾರಿಸುತ್ತಿದ್ದ, ೨೦೧೪ರಲ್ಲಿ ತಯಾರಿಕೆ ನಿಂತುಹೋದ ಆ ಗಾಡಿಯನ್ನು ನೀವೆಲ್ಲರೂ ಬಲ್ಲಿರಿ. ನಮ್ಮ ತಂದೆಯವರು ಅದನ್ನು ಕೊಂಡು, ಮೈಮೇಲೆ ಒಂದು ಗೀರು ಬೀಳದಂತೆ ನೋಡಿಕೊಂಡರು. ಅವರು ತೀರಿಹೋದ ಮೇಲೆ ಅದರ ಪೋಷಣೆಯ ಭಾರ ನನ್ನ ಮೇಲೂ ನನ್ನ ತಮ್ಮನ ಮೇಲೂ ಬಿದ್ದಿತು. ತಾಯಿಯವರಿಗೆ ಎಂಬತ್ತು ದಾಟಿದೆ. ಅವರ ತಂಗಿ ಬಳ್ಳಾರಿಯಲ್ಲಿದ್ದಾರೆ. ಪ್ರತಿ ವರ್ಷ ವೈಶಾಖದಲ್ಲಿ ಅಲ್ಲಿಗೆ ಹೋಗಿ ಒಂದು ವಾರ ಇದ್ದು ಬರುವುದು ನಮ್ಮ ತಾಯಿಯವರ ಪದ್ಧತಿ. ಬಳ್ಳಾರಿಯ ವೈಶಾಖವೆಂದರೆ ೪೦ ಡಿಗ್ರಿಗೆ ಮೇಲ್ಪಟ್ಟ ಬಿಸಿಲು. ಈ ವಯಸ್ಸಿನಲ್ಲಿ ಅಷ್ಟು ಸೆಕೆಯಲ್ಲಿ ಪ್ರಯಾಣ ಕೂಡದೆಂದು ವೈದ್ಯರು ಹೇಳಿದರು. ಬೇರೆ ಹೊಸ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತೇವೆಂದರೆ, “ಅವರ ಗಾಡಿ ಇರುವಾಗ ಬೇರೆ ಗಾಡಿ ಏತಕ್ಕೆ?” ಎಂಬುದೊಂದೇ ತಾಯಿಯವರ ಮಾತು. ಹೀಗಾಗಿ ಗಾಡಿಯನ್ನು ತಂಪು ಮಾಡುವ ಯೋಚನೆ ಹುಟ್ಟಿತು. ತಮ್ಮ ಮಾತ್ರ, “ಅಪ್ಪನ ಗಾಡಿಗೆ ತೂತು ಕೊರೆಯಬೇಡಣ್ಣ” ಎಂದು ಮೊದಲಿನಿಂದಲೂ ಹೇಳುತ್ತಲೇ ಇದ್ದ.

ಒಂದು ಕಾರ್ಖಾನೆಯವರು ಮೂರು ದಿನಗಳಲ್ಲಿ ಯಂತ್ರವನ್ನು ಜೋಡಿಸಿಕೊಟ್ಟರು. ಬೆಂಗಳೂರಿನ ಬೆಳಗಿನ ಹೊತ್ತಿನಲ್ಲಿ ಓಡಿಸಿ ನೋಡಿದಾಗ ತಂಪಾದ ಗಾಳಿ ಚೆನ್ನಾಗಿಯೇ ಬಂದಿತು. ಆ ನಂಬಿಕೆಯಿಂದ ತಾಯಿಯವರನ್ನು ಕೂಡಿಸಿಕೊಂಡು ಹೊರಟೆವು. ಚಳ್ಳಕೆರೆಯನ್ನು ದಾಟಿದ ಬಳಿಕ ಒಂದೆಡೆ ರೈಲುಗೇಟು ಮುಚ್ಚಿತ್ತು. ಸಮಯ ನಡುಹಗಲು. ಗಾಡಿ ನಿಂತ ಎರಡು ಮೂರು ನಿಮಿಷಗಳಲ್ಲಿ ಬರುತ್ತಿದ್ದ ಗಾಳಿ ಬಿಸಿಯಾಯಿತು. ಎಂಜಿನ್ನು ತಡವರಿಸತೊಡಗಿತು. ನೀರಿನ ಉಷ್ಣವನ್ನು ತೋರಿಸುವ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಗೇಟು ತೆರೆಯುವುದರೊಳಗೆ ಮುಚ್ಚಳದ ಕೆಳಗಿನಿಂದ ಹಬೆ ಎದ್ದಿತು. ಗಾಡಿಯನ್ನು ಪಕ್ಕಕ್ಕೆ ತಳ್ಳಿ, ತಾಯಿಯವರನ್ನು ಒಂದು ಬೇವಿನ ಮರದ ನೆರಳಿನಲ್ಲಿ ಕುಳ್ಳಿರಿಸಿ, ಒದ್ದೆ ಬಟ್ಟೆಯನ್ನು ತಲೆಯ ಮೇಲೆ ಹಾಕಿಕೊಂಡು ಒಂದು ಗಂಟೆಗೂ ಹೆಚ್ಚಾಗಿ ಕಾದೆವು. ಅವರ ಮುಖ ಕೆಂಪೇರಿದ್ದುದನ್ನು ನೋಡಿ ನನಗೆ ಉಂಟಾದ ಭಯವನ್ನು ವರ್ಣಿಸಲಾರೆ. ತಂಪಿಗಾಗಿ ಮಾಡಿದ ಏರ್ಪಾಡೇ ಅವರನ್ನು ಬಿಸಿಲಿನಲ್ಲಿ ಕೂಡಿಸಿತ್ತು. ಹೀಗೇಕಾಯಿತು? ಯಂತ್ರ ಕೆಟ್ಟಿರಲಿಲ್ಲ. ಗಾಡಿಯೂ ಕೆಟ್ಟಿರಲಿಲ್ಲ. ಎರಡೂ ಒಂದಕ್ಕೊಂದು ಹೊಂದಿರಲಿಲ್ಲ, ಅಷ್ಟೆ. ಆ ಹೊಂದಿಕೆಯೇನೆಂಬುದನ್ನು ತಿಳಿಯಬೇಕಾದರೆ ತಂಪೆಂದರೇನೆಂಬುದನ್ನು ಮೊದಲು ವಿಚಾರಮಾಡಬೇಕು.

ತಂಪು ಎಂಬುದು ಒಂದು ಪದಾರ್ಥವಲ್ಲ. ಯಾವ ಯಂತ್ರವೂ ತಂಪನ್ನು ತಯಾರಿಸಲಾರದು, ಉಷ್ಣವನ್ನು ನಾಶಮಾಡಲಾರದು. ಒಂದೆಡೆಯಿಂದ ಉಷ್ಣವನ್ನು ಹೊತ್ತು ಮತ್ತೊಂದೆಡೆ ಚೆಲ್ಲುವುದು ಮಾತ್ರವೇ ಅದರ ಶಕ್ತಿ. ನಮ್ಮ ಮನೆಯ ಮಣ್ಣಿನ ಹೂಜಿಯನ್ನು ನೋಡಿರಿ. ಹೂಜಿಯ ಮೈಯಿಂದ ಒಸರಿದ ನೀರು ಆವಿಯಾಗಿ ಹಾರುವಾಗ ಒಳಗಿನ ನೀರಿನ ಉಷ್ಣವನ್ನು ತನ್ನೊಡನೆ ಕೊಂಡೊಯ್ಯುತ್ತದೆ. ಆದುದರಿಂದ ಒಳಗಿನ ನೀರು ತಣ್ಣಗಾಗುತ್ತದೆ. ದ್ರವವು ಆವಿಯಾಗುವಾಗ ಹೀಗೆ ಹೀರಿಕೊಳ್ಳುವ ಉಷ್ಣಕ್ಕೆ ಗುಪ್ತೋಷ್ಣವೆಂದು ಹೆಸರು. ಸೂಜಿಮದ್ದು ಹಾಕುವ ಮುನ್ನ ವೈದ್ಯರು ತೋಳಿಗೆ ಸ್ಪಿರಿಟ್ಟು ಸವರಿದಾಗ ತಟ್ಟನೆ ತಣ್ಣಗಾಗುವುದೂ ಇದೇ ಕಾರಣದಿಂದ.

ಹವಾನಿಯಂತ್ರಣ ಯಂತ್ರವು ಹೂಜಿಯ ಕೆಲಸವನ್ನೇ ಮಾಡುತ್ತದೆ. ಆದರೆ ಹೂಜಿಯ ನೀರು ಹಾರಿಹೋಗಿ ಮರಳಿ ಬರುವುದಿಲ್ಲ. ಇಲ್ಲಿ ಒಂದೇ ಶೀತಕ ದ್ರವ್ಯವು ಮುಚ್ಚಿದ ಕೊಳವೆಯಲ್ಲಿ ಮತ್ತೆ ಮತ್ತೆ ಆವಿಯಾಗಿ ಮತ್ತೆ ಮತ್ತೆ ದ್ರವವಾಗುತ್ತದೆ. ಇಂದು ಮೋಟಾರುಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಆರ್-೧೩೪ಎ ಎಂಬ ಶೀತಕವು ಸಾಮಾನ್ಯ ವಾಯುವಿನ ಒತ್ತಡದಲ್ಲಿ ಸೊನ್ನೆಗಿಂತ ೨೬ ಡಿಗ್ರಿ ಕೆಳಗೇ ಕುದಿಯುತ್ತದೆ. ಗಾಡಿಯ ಒಳಗೆ ಒಂದು ಸುರುಳಿಯಾಕಾರದ ಕೊಳವೆಯಿದ್ದು, ಅದರಲ್ಲಿ ಶೀತಕವು ಕಡಮೆ ಒತ್ತಡದಲ್ಲಿ, ಹೆಚ್ಚು ಕಡಮೆ ಮಂಜುಗಡ್ಡೆಯ ಉಷ್ಣಮಾನದಲ್ಲಿಯೇ ಕುದಿದು ಆವಿಯಾಗುತ್ತ, ಒಳಗಿನ ಗಾಳಿಯಿಂದ ಉಷ್ಣವನ್ನು ಹೀರುತ್ತದೆ. ಇದನ್ನು ಇವಾಪೊರೇಟರೆನ್ನುತ್ತಾರೆ. ಆ ಆವಿಯನ್ನು ಎಂಜಿನ್ನಿನ ಪಟ್ಟಿಯಿಂದ ತಿರುಗುವ ಕಂಪ್ರೆಸರು ಎಳೆದುಕೊಂಡು ಬಲವಾಗಿ ಒತ್ತುತ್ತದೆ. ಒತ್ತಿದ ಆವಿ ಬಹಳ ಬಿಸಿಯಾಗುತ್ತದೆ. ಹೊರಗಿನ ಗಾಳಿಗಿಂತ ಬಿಸಿಯಾಗಿರುವುದರಿಂದಲೇ ಅದು ಗಾಡಿಯ ಮುಂಭಾಗದಲ್ಲಿರುವ ಕಂಡೆನ್ಸರೆಂಬ ಜಾಲರಿಯಲ್ಲಿ ಹೊರಗಾಳಿಗೆ ಉಷ್ಣವನ್ನು ಬಿಟ್ಟುಕೊಟ್ಟು ದ್ರವವಾಗಲು ಸಾಧ್ಯ. ಆಮೇಲೆ ಒಂದು ಕಿರಿದಾದ ಕವಾಟದ ಮೂಲಕ ನುಸುಳಿ, ಒತ್ತಡ ತಟ್ಟನೆ ಇಳಿದು, ತಣ್ಣಗಾಗಿ, ಮರಳಿ ಒಳಗಿನ ಸುರುಳಿಯನ್ನು ಸೇರುತ್ತದೆ. ಬಾವಿಯಿಂದ ನೀರನ್ನು ಸೇದಿ ಮೇಲಿನ ಕಾಲುವೆಗೆ ಸುರಿಯುವ ಏತದಂತೆ, ತಗ್ಗಿನಲ್ಲಿರುವ ಉಷ್ಣವನ್ನು ಎತ್ತರಕ್ಕೆ ಸೇದುವ ಏತ ಇದು. ಏತ ತುಳಿಯುವವನಿಗೆ ಶ್ರಮವಿರುವಂತೆ ಇಲ್ಲಿ ಎಂಜಿನ್ನಿಗೆ ಶ್ರಮವುಂಟು.

ಎಷ್ಟು ಉಷ್ಣವನ್ನು ಸೇದಬೇಕು? ಸುಮ್ಮನೆ ಕುಳಿತ ಒಬ್ಬ ಮನುಷ್ಯನ ದೇಹವೇ ಸುಮಾರು ೧೦೦ ವಾಟ್ ಉಷ್ಣವನ್ನು ಹೊರಸೂಸುತ್ತದೆ. ಐವರು ಕುಳಿತರೆ ೫೦೦ ವಾಟ್. ನಡುಹಗಲಿನ ಬಿಸಿಲು ಒಂದು ಚದರ ಮೀಟರಿಗೆ ಸುಮಾರು ೧೦೦೦ ವಾಟ್ ಸುರಿಯುತ್ತದೆ. ಗಾಜಿನ ಮೂಲಕ ಒಳಗೆ ಬಂದುದರಲ್ಲಿ ಹೆಚ್ಚು ಭಾಗ ಅಲ್ಲೇ ಉಳಿಯುತ್ತದೆ. ಇದಕ್ಕೆ ಎಂಜಿನ್ನಿನ ಕಡೆಯ ತಗಡಿನಿಂದ ಬರುವ ಶಾಖವನ್ನೂ, ಬಾಗಿಲ ಸಂದಿಗಳಿಂದ ನುಗ್ಗುವ ಬಿಸಿಗಾಳಿಯನ್ನೂ ಕೂಡಿಸಬೇಕು. ಆದುದರಿಂದಲೇ ಅಷ್ಟು ಸಣ್ಣ ಗಾಡಿಗೂ ಮನೆಯ ಒಂದು ಕೋಣೆಗೆ ಬೇಕಾಗುವ ೧ ಟನ್ನಿನ ಯಂತ್ರದಷ್ಟು ಅಥವಾ ಅದಕ್ಕಿಂತ ಹೆಚ್ಚು ಸಾಮರ್ಥ್ಯ ಬೇಕು. ಟನ್ನೆಂಬ ಈ ಅಳತೆ ಮಂಜುಗಡ್ಡೆಯ ವ್ಯಾಪಾರದ ಕಾಲದಿಂದ ಉಳಿದುಬಂದದ್ದು. ಅಮೆರಿಕದ ಲೆಕ್ಕದ ಒಂದು ಟನ್, ಎಂದರೆ ೯೦೭ ಕಿಲೋಗ್ರಾಂ ಮಂಜುಗಡ್ಡೆ ೨೪ ಗಂಟೆಗಳಲ್ಲಿ ಕರಗುವಾಗ ಹೀರುವ ಉಷ್ಣದ ಪ್ರಮಾಣವೇ ಅದು, ಸುಮಾರು ೩.೫ ಕಿಲೋವಾಟ್.

ಸೆಕೆಯ ಜೊತೆಗೆ ಗಾಳಿಯಲ್ಲಿ ನೀರಿನಂಶವೂ ಇದ್ದರೆ ಈ ಹೊರೆ ಮತ್ತಷ್ಟು ಹೆಚ್ಚುತ್ತದೆ. ಬಳ್ಳಾರಿಯ ಒಣ ಗಾಳಿಯಲ್ಲಿ ಯಂತ್ರಕ್ಕೆ ಗಾಳಿಯನ್ನು ತಣಿಸುವ ಕೆಲಸವೊಂದೇ ಮುಖ್ಯವಾದುದು. ಮಂಗಳೂರಿನಲ್ಲಾದರೋ ಗಾಳಿಯ ತೇವವೂ ತಣ್ಣನೆಯ ಸುರುಳಿಯ ಮೇಲೆ ನೀರಾಗಿ ಇಳಿಯಬೇಕು. ಇಳಿಯುವಾಗ ತನ್ನ ಗುಪ್ತೋಷ್ಣವನ್ನು ಅಲ್ಲಿಯೇ ಬಿಡುತ್ತದೆ. ಆದುದರಿಂದ ಕರಾವಳಿಯಲ್ಲಿ ಉಷ್ಣಮಾನ ಕಡಮೆಯಿದ್ದರೂ ಯಂತ್ರಕ್ಕೆ ಕೆಲಸ ಕಡಮೆಯಲ್ಲ. ಇಳಿದ ನೀರು ಹೊರಗೆ ಹೋಗಲು ಒಂದು ಸಣ್ಣ ಕೊಳವೆ ಇರಲೇಬೇಕು. ಅದು ಕಟ್ಟಿಕೊಂಡರೆ ನೀರು ಕಾಲಡಿಯ ಹಾಸಿನ ಕೆಳಗೆ ಸೇರಿ, ಕಣ್ಣಿಗೆ ಕಾಣದಂತೆ ತಗಡಿಗೆ ತುಕ್ಕು ಹಿಡಿಸುತ್ತದೆ. ಹಳೆಯ ಗಾಡಿಗೆ ಇದರಷ್ಟು ಕೆಟ್ಟ ಶತ್ರು ಬೇರಿಲ್ಲ.

ಈ ಯಂತ್ರವು ಮೋಟಾರನ್ನೇರಿದ ಕಥೆ ಸ್ವಾರಸ್ಯವಾಗಿದೆ. ವಿಲ್ಲಿಸ್ ಕ್ಯಾರಿಯರ್ ಎಂಬ ಅಮೆರಿಕದ ಎಂಜಿನಿಯರು ೧೯೦೨ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಒಂದು ಮುದ್ರಣಾಲಯಕ್ಕಾಗಿ ಹವಾನಿಯಂತ್ರಣದ ಏರ್ಪಾಡನ್ನು ರಚಿಸಿದರು. ಅಲ್ಲಿ ಬೇಕಾಗಿದ್ದುದು ಮನುಷ್ಯರ ಸುಖವಲ್ಲ; ಗಾಳಿಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಅಚ್ಚು ಸರಿಯಾಗಿ ಕೂಡುತ್ತಿರಲಿಲ್ಲವೆಂಬುದೇ ತೊಂದರೆ. ಅಲ್ಲಿಂದ ಈ ವಿದ್ಯೆ ಮೋಟಾರಿನವರೆಗೆ ಬರಲು ಮೂರು ದಶಕಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ೧೯೩೯ರಲ್ಲಿ ಪ್ಯಾಕಾರ್ಡ್ ಸಂಸ್ಥೆಯವರು ತಮ್ಮ ೧೯೪೦ರ ಮಾದರಿಗಳಿಗೆ ಇದನ್ನು ಜೋಡಿಸಿಕೊಡುವುದಾಗಿ ಪ್ರಕಟಿಸಿದರು. ಬೆಲೆ ೨೭೪ ಡಾಲರು. ತಣ್ಣನೆಯ ಸುರುಳಿಯು ಹಿಂದಿನ ಆಸನದ ಬೆನ್ನ ಹಿಂದೆ ಇದ್ದು ಸಾಮಾನಿಡುವ ಜಾಗವನ್ನು ಬಹಳವಾಗಿ ನುಂಗಿತ್ತು. ಕಂಪ್ರೆಸರನ್ನು ಎಂಜಿನ್ನಿನಿಂದ ಬಿಡಿಸುವ ಕ್ಲಚ್ಚು ಇರಲಿಲ್ಲ. ತಂಪು ಬೇಡವೆನಿಸಿದರೆ ಗಾಡಿಯನ್ನು ನಿಲ್ಲಿಸಿ, ಎಂಜಿನ್ನಿನ ಮುಚ್ಚಳವನ್ನೆತ್ತಿ, ಪಟ್ಟಿಯನ್ನೇ ಕಳಚಿಹಾಕಬೇಕಾಗಿತ್ತು! ೧೯೪೧ರ ಬಳಿಕ ಅದು ನಿಂತುಹೋಯಿತು. ೧೯೫೩ರಲ್ಲಿ ಕ್ರೈಸ್ಲರ್ ಮೊದಲಾದ ಸಂಸ್ಥೆಗಳು ಮತ್ತೆ ಕೈಹಾಕಿದವು. ೧೯೫೪ರಲ್ಲಿ ನ್ಯಾಷ್ ಸಂಸ್ಥೆಯವರು ಬಿಸಿ ತಂಪುಗಳೆರಡರ ಏರ್ಪಾಡನ್ನೂ ಒಂದುಗೂಡಿಸಿ ಗಾಡಿಯ ಮುಂಭಾಗದಲ್ಲಿಯೇ ಅಡಗಿಸಿದರು, ಕ್ಲಚ್ಚನ್ನೂ ಒದಗಿಸಿದರು. ಬೆಲೆ ೩೪೫ ಡಾಲರು. ಅವರಿಗೆ ಈ ಜಾಣ್ಮೆ ಬಂದುದರಲ್ಲಿ ಆಶ್ಚರ್ಯವಿಲ್ಲ. ಶೀತಪೆಟ್ಟಿಗೆಗಳನ್ನು ಮಾಡುತ್ತಿದ್ದ ಕೆಲ್ವಿನೇಟರ್ ಸಂಸ್ಥೆ ಅವರೊಡನೆ ಆ ಮೊದಲೇ ಕೂಡಿಕೊಂಡಿತ್ತು.

ಈ ಇತಿಹಾಸದಲ್ಲಿ ನಾವು ಗಮನಿಸತಕ್ಕ ಅಂಶವೊಂದಿದೆ. ಆ ಅಮೆರಿಕದ ಗಾಡಿಗಳ ಎಂಜಿನ್ನುಗಳು ದೊಡ್ಡವು. ಪ್ಯಾಕಾರ್ಡಿನ ದೊಡ್ಡ ಎಂಜಿನ್ನಿಗೆ ೧೬೦ ಅಶ್ವಶಕ್ತಿ. ನಮ್ಮ ಅಂಬಾಸಿಡರಿನದು ೧೪೮೯ ಘನ ಸೆಂಟಿಮೀಟರು. ಹೊಸದಾಗಿದ್ದಾಗಲೇ ಸುಮಾರು ೫೦ ಅಶ್ವಶಕ್ತಿ. ಬೊಂಬಾಯಿಯಲ್ಲಿ ಬಾಡಿಗೆಗೆ ಓಡಿ ಹೆಸರಾದ ಪ್ರೀಮಿಯರ್ ಪದ್ಮಿನಿಯದು ೧೦೮೯ ಘನ ಸೆಂಟಿಮೀಟರು ಮಾತ್ರ. ಇವುಗಳ ರಚನೆಕಾರರು ರೇಡಿಯೇಟರು, ಬೀಸಣಿಗೆ, ಡೈನಮೊ ಎಲ್ಲವನ್ನೂ ಗಾಡಿಯ ಸ್ವಂತ ಅಗತ್ಯಕ್ಕೆ ತಕ್ಕಷ್ಟೇ ಮಾಡಿದರು. ಹೊಸ ಯಂತ್ರವೆಂದರೆ ಈ ಮಿತವಾದ ಸಂಸಾರಕ್ಕೆ ಬಂದು ಸೇರಿದ ಹೊಸ ನೆಂಟ. ನೆಂಟನ ಊಟಕ್ಕೆ ದಾರಿ ಮಾಡದೆ ಮನೆಗೆ ಕರೆದುದೇ ನಾವು ಮಾಡಿದ ತಪ್ಪು. ರೈಲುಗೇಟಿನಲ್ಲಿ ನಡೆದುದನ್ನು ಈಗ ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲನೆಯದು ರೇಡಿಯೇಟರು. ಒಳಗಿನಿಂದ ೪ ಕಿಲೋವಾಟ್ ಉಷ್ಣವನ್ನು ಸೇದಲು ಕಂಪ್ರೆಸರು ಸುಮಾರು ೨ ಕಿಲೋವಾಟ್ ಶಕ್ತಿಯನ್ನು ವ್ಯಯಮಾಡುತ್ತದೆಂದು ಇಟ್ಟುಕೊಳ್ಳೋಣ. ಆ ಶಕ್ತಿಯೂ ಕೊನೆಗೆ ಉಷ್ಣವೇ ಆಗುವುದರಿಂದ ಕಂಡೆನ್ಸರು ಒಟ್ಟು ೬ ಕಿಲೋವಾಟ್ ಉಷ್ಣವನ್ನು ಚೆಲ್ಲಬೇಕು. ಚೆಲ್ಲುವುದೆಲ್ಲಿ? ರೇಡಿಯೇಟರಿನ ಮುಂದೆ. ಹೊರಗೆ ೪೨ ಡಿಗ್ರಿ ಇದ್ದರೆ, ಕಂಡೆನ್ಸರನ್ನು ಹಾಯ್ದು ಬಂದ ಗಾಳಿ ೫೨ ಡಿಗ್ರಿ ಆಗಿರಬಹುದು. ಎಂಜಿನ್ನಿನ ನೀರು ೮೮ ಡಿಗ್ರಿಯಲ್ಲಿದ್ದರೆ, ಮೊದಲು ನೀರಿಗೂ ಗಾಳಿಗೂ ಇದ್ದ ೪೬ ಡಿಗ್ರಿಯ ಅಂತರ ಈಗ ೩೬ಕ್ಕೆ ಇಳಿಯಿತು. ರೇಡಿಯೇಟರು ಉಷ್ಣವನ್ನು ಬಿಡುವ ಶಕ್ತಿ ಈ ಅಂತರವನ್ನೇ ಅವಲಂಬಿಸಿರುವುದರಿಂದ ಅದರ ಐದನೆಯ ಒಂದು ಪಾಲಿಗಿಂತ ಹೆಚ್ಚು ನಷ್ಟವಾಯಿತು. ಐವತ್ತು ವರ್ಷಗಳ ಸುಣ್ಣ ಕಟ್ಟಿದ ರೇಡಿಯೇಟರಿನಲ್ಲಿ ಇಷ್ಟು ಉಳಿತಾಯ ಎಲ್ಲಿರುತ್ತದೆ? ಗಾಡಿ ಓಡುತ್ತಿರುವಾಗ ಎದುರುಗಾಳಿ ಇದನ್ನು ಮರೆಸುತ್ತದೆ. ನಿಂತಾಗ, ಎಂಜಿನ್ನಿನೊಡನೆ ನಿಧಾನವಾಗಿ ತಿರುಗುವ ಹಳೆಯ ಬೀಸಣಿಗೆ ಸಾಲುವುದಿಲ್ಲ. ಕಂಡೆನ್ಸರಿಗೆ ಗಾಳಿ ಸಿಗದೆ ಶೀತಕ ದ್ರವವಾಗುವುದಿಲ್ಲ. ದ್ರವವಾಗದಿದ್ದರೆ ಒಳಗೆ ತಂಪಿಲ್ಲ. ಮೊದಲು ಬಿಸಿಗಾಳಿ ಬಂದು, ಅನಂತರ ನೀರು ಕುದಿದುದಕ್ಕೆ ಇದೇ ಕಾರಣ.

ಎರಡನೆಯದು ಎಂಜಿನ್ನಿನ ಶಕ್ತಿ. ದಾರಿಯಲ್ಲಿ ಓಡುವಾಗ ಎರಡು ಮೂರು ಅಶ್ವಶಕ್ತಿಯನ್ನು ಕೊಡುವುದು ಎಂಜಿನ್ನಿಗೆ ಕಷ್ಟವಲ್ಲ. ಏರಿನಲ್ಲಿ ಮಾತ್ರ ತಿಳಿಯುತ್ತದೆ. ಆದರೆ ನಿಂತಲ್ಲಿ ನಿಮಿಷಕ್ಕೆ ೬೦೦ ಅಥವಾ ೭೦೦ ಸುತ್ತು ತಿರುಗುತ್ತಿರುವ ಎಂಜಿನ್ನು ತನ್ನನ್ನು ತಾನು ತಿರುಗಿಸಿಕೊಳ್ಳುವಷ್ಟು ಪೆಟ್ರೋಲನ್ನು ಮಾತ್ರ ಕುಡಿಯುತ್ತಿರುತ್ತದೆ. ಆಗ ಕಂಪ್ರೆಸರಿನ ಹೊರೆ ಬಿದ್ದರೆ ತಡವರಿಸದೆ ಏನು ಮಾಡೀತು? ಇದಕ್ಕೆ ಪರಿಹಾರ ಸುಲಭ. ತಂಪಿನ ಗುಂಡಿಯನ್ನು ಒತ್ತಿದಾಗ ಕಾರ್ಬ್ಯುರೇಟರಿನ ತೆರಪನ್ನು ಸ್ವಲ್ಪ ಹೆಚ್ಚಿಸುವ ವಿದ್ಯುತ್ಸಾಧನವೊಂದನ್ನು ಜೋಡಿಸಬಹುದು. ನಮ್ಮ ಗಾಡಿಗೆ ಅದನ್ನು ಜೋಡಿಸಿರಲಿಲ್ಲ.

ಮೂರನೆಯದು ವಿದ್ಯುತ್ತು. ಆ ಕಾಲದ ಬ್ರಿಟಿಷ್ ಮಾದರಿಯ ಗಾಡಿಗಳಲ್ಲಿ ಸಾಮಾನ್ಯವಾಗಿದ್ದ ಲ್ಯೂಕಾಸ್ ಸಿ-೪೦ ಡೈನಮೊ ಕೊಡುವುದು ಹೆಚ್ಚೆಂದರೆ ೨೨ ಆಂಪಿಯರ್. ಅದೂ ಎಂಜಿನ್ನು ವೇಗವಾಗಿ ತಿರುಗುವಾಗ. ನಿಂತಾಗ ಅದು ಕೊಡುವುದು ಏನೂ ಇಲ್ಲವೆಂದೇ ಹೇಳಬೇಕು. ಬೇಡಿಕೆಯಾದರೋ ಹೀಗಿದೆ: ಮುಂದೀಪಗಳಿಗೆ ಸುಮಾರು ೮ ಆಂಪಿಯರ್, ಕಿಡಿ ಹೊತ್ತಿಸಲು ೪, ಒಳಗಿನ ಗಾಳಿ ಊದುವ ಪಂಕಕ್ಕೆ ೧೦, ಕ್ಲಚ್ಚಿಗೆ ೪, ಕಂಡೆನ್ಸರಿನ ಮುಂದೆ ವಿದ್ಯುತ್ ಬೀಸಣಿಗೆ ಇಟ್ಟರೆ ಅದಕ್ಕೆ ೧೨. ಒಟ್ಟು ೩೮. ಆದಾಯ ೨೨, ವೆಚ್ಚ ೩೮ ಆದ ಸಂಸಾರ ಬ್ಯಾಟರಿಯ ಗಂಟನ್ನು ಕರಗಿಸಿ ರಾತ್ರಿಯ ದಾರಿಯಲ್ಲಿ ದಿವಾಳಿಯಾಗುತ್ತದೆ. ಆದುದರಿಂದ ಡೈನಮೊ ಬದಲು ಆಲ್ಟರ್ನೇಟರನ್ನು ಹಾಕಲೇಬೇಕು. ಹಾಕುವಾಗ ಎಚ್ಚರವಿರಲಿ. ಹಳೆಯ ಬ್ರಿಟಿಷ್ ಮಾದರಿಗಳಲ್ಲಿ ಅನೇಕವು ಬ್ಯಾಟರಿಯ ಧನಧ್ರುವವನ್ನು ಗಾಡಿಯ ಮೈಗೆ ಜೋಡಿಸಿದಂಥವು. ಇಂದಿನ ಆಲ್ಟರ್ನೇಟರುಗಳಿಗೆ ಋಣಧ್ರುವವೇ ಮೈಗೆ ಇರಬೇಕು. ತಿರುಗುಮುರುಗಾದರೆ ಹೊಸ ಯಂತ್ರ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ನಾಲ್ಕನೆಯದು ಗಾಡಿಯ ಮೈ. ಇದನ್ನು ನಾನು ಕೊನೆಯಲ್ಲಿ ಹೇಳುತ್ತಿದ್ದರೂ ಮಾಡಬೇಕಾದ ಕೆಲಸಗಳಲ್ಲಿ ಇದೇ ಮೊದಲನೆಯದು. ಬಾಗಿಲ ರಬ್ಬರುಗಳು ಒಣಗಿ ಬಿರುಕುಬಿಟ್ಟಿದ್ದರೆ, ಎಂಜಿನ್ನಿನ ಕಡೆಯ ತಗಡಿನಲ್ಲಿ ತಂತಿಗಳೂ ಸರಳುಗಳೂ ಹಾಯುವ ತೂತುಗಳು ತೆರೆದಿದ್ದರೆ, ತೂತಾದ ಕೊಡಕ್ಕೆ ನೀರೆರೆದಂತೆಯೇ ಸರಿ. ರಬ್ಬರುಗಳನ್ನು ಬದಲಾಯಿಸಿ, ಕಾಲಡಿಯಲ್ಲಿಯೂ ಗೇರುಪೆಟ್ಟಿಗೆಯ ಉಬ್ಬಿನ ಮೇಲೆಯೂ ಚಾವಣಿಯ ಬಟ್ಟೆಯ ಹಿಂದೆಯೂ ಶಾಖ ತಡೆಯುವ ಹಾಸನ್ನು ಅಂಟಿಸಿದರೆ, ಯಂತ್ರವಿಲ್ಲದೆಯೇ ಸೆಕೆಯ ಒಂದು ಪಾಲು ಕಡಮೆಯಾಗುತ್ತದೆ. ಎಷ್ಟೋ ಮಂದಿಗೆ ಅಷ್ಟೇ ಸಾಕಾದೀತು. ಈ ಹಾಸು ಹೊರಗಿನವರ ಕಣ್ಣಿಗೆ ಕಾಣುವುದಿಲ್ಲ. ಬೇಡವಾದಾಗ ತೆಗೆಯಲೂ ಬಹುದು.

ಇನ್ನು ಕೊಳವೆಯೊಳಗೆ ಹರಿಯುವ ಶೀತಕದ ವಿಚಾರ. ಥಾಮಸ್ ಮಿಡ್ಜ್ಲೆ ಮತ್ತು ಅವರ ಸಂಗಡಿಗರು ಸುಮಾರು ೧೯೨೮ರಲ್ಲಿ ಶೀತಯಂತ್ರಗಳಿಗೆ ತಕ್ಕದ್ದೆಂದು ಕಂಡುಕೊಂಡ, ಹೊತ್ತಿಕೊಳ್ಳದ, ವಿಷವಲ್ಲದ ಆರ್-೧೨ ಎಂಬ ಅನಿಲವೇ ದಶಕಗಳ ಕಾಲ ಮೋಟಾರುಗಳಲ್ಲಿ ಬಳಕೆಯಲ್ಲಿದ್ದಿತು. ಅದು ನಿರಪಾಯಕರವೆಂದೇ ಲೋಕ ನಂಬಿತ್ತು. ಅಂಥ ಅನಿಲಗಳು ಮೇಲಣ ವಾಯುಮಂಡಲವನ್ನು ಸೇರಿ, ಸೂರ್ಯನ ತೀಕ್ಷ್ಣಕಿರಣಗಳಿಂದ ನಮ್ಮನ್ನು ಕಾಪಾಡುವ ಓಜೋನಿನ ಪದರವನ್ನು ನಾಶಪಡಿಸುತ್ತವೆಂದು ಮೊಲೀನ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ೧೯೭೪ರಲ್ಲಿ ತಿಳಿಸಿದರು. ೧೯೮೭ರಲ್ಲಿ ಕೆನಡಾದ ಮಾಂಟ್ರಿಯಾಲಿನಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡು ಅವುಗಳನ್ನು ಕ್ರಮಕ್ರಮವಾಗಿ ನಿಲ್ಲಿಸಿದವು. ಅವುಗಳ ಸ್ಥಾನಕ್ಕೆ ಬಂದ ಆರ್-೧೩೪ಎ ಓಜೋನನ್ನು ಕೆಡಿಸುವುದಿಲ್ಲ. ಆದರೆ ಭೂಮಿಯ ಶಾಖವನ್ನು ಹಿಡಿದಿಡುವುದರಲ್ಲಿ, ನೂರು ವರ್ಷಗಳ ಲೆಕ್ಕದಲ್ಲಿ, ತನ್ನ ತೂಕದ ಇಂಗಾಲಾಮ್ಲಕ್ಕಿಂತ ಸಾವಿರ ಪಾಲಿಗೂ ಮಿಗಿಲು ಬಲವುಳ್ಳದ್ದು. ಆದುದರಿಂದ ಯಂತ್ರವನ್ನು ಬಿಚ್ಚುವಾಗ ಶೀತಕವನ್ನು ಬಯಲಿಗೆ ಬಿಡತಕ್ಕದ್ದಲ್ಲ. ಅದನ್ನು ಹೀರಿ ಪಾತ್ರೆಯಲ್ಲಿ ತುಂಬಿಕೊಳ್ಳುವ ಯಂತ್ರವುಳ್ಳವರಲ್ಲಿಯೇ ಕೆಲಸ ಮಾಡಿಸಬೇಕು. ನಮ್ಮ ಗಾಡಿಯನ್ನು ತಣಿಸಲು ಜಗತ್ತನ್ನು ಕಾಯಿಸುವುದು ನ್ಯಾಯವಲ್ಲ. ಅಗ್ಗವೆಂದು ಅಡುಗೆ ಅನಿಲವನ್ನು ತುಂಬುವ ಚಪಲವೂ ಕೆಲವೆಡೆ ಉಂಟು. ಅದು ತಂಪು ಕೊಡುವುದು ನಿಜ. ಆದರೆ ಆ ಅನಿಲಕ್ಕಾಗಿ ರಚಿಸದ ಯಂತ್ರದಿಂದ ಅದು ಮುಚ್ಚಿದ ಗಾಡಿಯೊಳಗೆ ಸೋರಿದರೆ ಒಂದು ಕಿಡಿ ಸಾಕು.

ತುಂಬುವ ಮೊದಲು ಕೊಳವೆಗಳನ್ನು ಪಂಪಿನಿಂದ ನಿರ್ವಾತಗೊಳಿಸಬೇಕು. ನಿರ್ವಾತದಲ್ಲಿ ನೀರು ಸಾಮಾನ್ಯ ಉಷ್ಣಮಾನದಲ್ಲಿಯೇ ಕುದಿದು ಹೊರಟುಹೋಗುತ್ತದೆ. ಉಳಿದ ತೇವವು ಕಿರಿದಾದ ಕವಾಟದಲ್ಲಿ ಹೆಪ್ಪುಗಟ್ಟಿ ದಾರಿಯನ್ನು ಮುಚ್ಚುವುದಲ್ಲದೆ, ಆಮ್ಲವಾಗಿ ಲೋಹವನ್ನೂ ತಿನ್ನುತ್ತದೆ. ಶೀತಕವನ್ನು ತಕ್ಕಡಿಯಲ್ಲಿ ತೂಗಿಯೇ ತುಂಬಬೇಕು, ಅಂದಾಜಿನಿಂದಲ್ಲ. ಹೆಚ್ಚು ತುಂಬಿದರೆ ಹೆಚ್ಚು ತಂಪೆಂಬುದು ಭ್ರಮೆ. ಕೊಳವೆಯಲ್ಲಿ ಒತ್ತಡ ಮಿತಿಮೀರಿದಾಗ ಕಂಪ್ರೆಸರನ್ನು ತಾನಾಗಿ ನಿಲ್ಲಿಸುವ ಸ್ವಿಚ್ಚು ಇರಲೇಬೇಕು. ಆ ಒಂದು ಸಣ್ಣ ಸ್ವಿಚ್ಚು ಇದ್ದಿದ್ದರೆ ರೈಲುಗೇಟಿನಲ್ಲಿ ತಂಪು ಮಾತ್ರ ನಿಲ್ಲುತ್ತಿತ್ತು; ಎಂಜಿನ್ನಿನ ಮೇಲಿನ ಹೊರೆ ತಾನಾಗಿ ಇಳಿಯುತ್ತಿತ್ತು.

ಈಗ ತಮ್ಮನ ಆಕ್ಷೇಪಣೆಗೆ ಬರುತ್ತೇನೆ. ಮೊದಲ ಸಲ ಯಂತ್ರ ಜೋಡಿಸಿದವರು ಹಲಗೆಯ ಕೆಳಗೆ ನಾಲ್ಕು ತೂತುಗಳನ್ನು ಕೊರೆದಿದ್ದರು. ಅದನ್ನು ಕಂಡು ಅವನು ಏನೂ ಮಾತನಾಡಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು. ಅವನ ಮಾತಿನಲ್ಲಿ ಮಮತೆಯಷ್ಟೇ ಅಲ್ಲ, ವಿವೇಕವೂ ಇತ್ತು. ೨೦೨೧ರಲ್ಲಿ ಭಾರತ ಸರ್ಕಾರವು ಮಾಡಿದ ನಿಯಮದಂತೆ, ಐವತ್ತು ವರ್ಷಕ್ಕೆ ಮೇಲ್ಪಟ್ಟ ಗಾಡಿಯನ್ನು ಪ್ರಾಚೀನ ವಾಹನವೆಂದು ಪ್ರತ್ಯೇಕವಾಗಿ ನೋಂದಾಯಿಸಬಹುದು. ಆದರೆ ಅದರ ಚೌಕಟ್ಟು, ಮೈ, ಎಂಜಿನ್ನುಗಳಲ್ಲಿ ಗಣನೀಯವಾದ ಮಾರ್ಪಾಟು ಆಗಿರಕೂಡದು. ಹಾಗೆ ನೋಂದಾಯಿಸಿದ ಗಾಡಿ ನಿತ್ಯದ ಓಡಾಟಕ್ಕೆ ಸಲ್ಲದೆಂಬುದನ್ನೂ ನೆನಪಿಡಬೇಕು. ನಾವು ಇಂದು ಆ ನೋಂದಣಿಯನ್ನು ಬಯಸದಿದ್ದರೂ ನಮ್ಮ ಮುಂದಿನವರು ಬಯಸಬಹುದು. ಅವರ ಹಕ್ಕನ್ನು ಇಂದಿನ ಒಂದು ಬೇಸಗೆಗಾಗಿ ಕೊರೆದುಹಾಕುವ ಅಧಿಕಾರ ನಮಗಿಲ್ಲ.

ಎರಡನೆಯ ಸಲ ನಾವು ಹಳೆಯ ಗಾಡಿಗಳಲ್ಲಿಯೇ ಕೈ ಪಳಗಿದ ವೃದ್ಧ ಮೇಸ್ತ್ರಿಯೊಬ್ಬರನ್ನು ಹುಡುಕಿಕೊಂಡು ಹೋದೆವು. ಅವರು ಒಂದು ನಿಯಮವನ್ನು ಹಾಕಿದರು: ಯಾವುದನ್ನು ಜೋಡಿಸಿದರೂ ಅದನ್ನು ಒಂದು ದಿನದಲ್ಲಿ ಬಿಚ್ಚಿ ಗಾಡಿಯನ್ನು ಮೊದಲಿನಂತೆ ಮಾಡಲು ಬರಬೇಕು. ಕಂಪ್ರೆಸರಿನ ಆಧಾರವನ್ನು ಎಂಜಿನ್ನಿನಲ್ಲಿ ಮೊದಲೇ ಇದ್ದ ಬೋಲ್ಟುಗಳಿಗೆ ಬಿಗಿದರು. ತಣ್ಣನೆಯ ಸುರುಳಿಯ ಪೆಟ್ಟಿಗೆಯನ್ನು ಹಲಗೆಯ ಕೆಳಗೆ ಹಳೆಯ ತಿರುಪುಗಳಿಂದಲೇ ತೂಗುಹಾಕಿದರು. ಕೊಳವೆಗಳನ್ನು ಮೊದಲಿದ್ದ ರಬ್ಬರು ಬಿರಡೆಗಳ ದಾರಿಯಿಂದಲೇ ಹಾಯಿಸಿದರು. ನಾಲ್ಕು ತೂತುಗಳನ್ನು ಬೆಸೆದು ಮುಚ್ಚಿದರು. ರೇಡಿಯೇಟರಿಗೆ ಹೊರಗಿನ ಆಕಾರ ಹಾಗೆಯೇ ಇರುವಂತೆ ಒಳಗಿನ ನಾಳಗಳ ಸಾಲನ್ನು ಮಾತ್ರ ಹೆಚ್ಚಿಸಿದರು. ಕಂಡೆನ್ಸರಿನ ಮುಂದೆ ವಿದ್ಯುತ್ ಬೀಸಣಿಗೆಯನ್ನಿಟ್ಟರು. ಆಲ್ಟರ್ನೇಟರು, ಒತ್ತಡದ ಸ್ವಿಚ್ಚು, ಕಾರ್ಬ್ಯುರೇಟರಿನ ಸಾಧನ ಎಲ್ಲವೂ ಬಂದವು. ಬಿಚ್ಚಿದ ಡೈನಮೊ ಮೊದಲಾದುವನ್ನು ಎಣ್ಣೆ ಸವರಿ, ಚೀಟಿ ಕಟ್ಟಿ, ಒಂದು ಪೆಟ್ಟಿಗೆಯಲ್ಲಿಟ್ಟು ತಮ್ಮನ ಕೈಗೆ ಕೊಟ್ಟರು. ವೆಚ್ಚವು ಮೊದಲಿನದಕ್ಕೆ ಎರಡರಷ್ಟಾಯಿತು. ಎರಡರಲ್ಲಿ ಒಂದು ಪಾಲು ನನ್ನ ಆತುರದ ದಂಡವೆಂದು ಭಾವಿಸಿಕೊಂಡಿದ್ದೇನೆ.

ಮರುವರ್ಷದ ವೈಶಾಖದಲ್ಲಿ ಅದೇ ದಾರಿಯಲ್ಲಿ ಹೋದೆವು. ಹಿರಿಯೂರಿನ ಸಂದಣಿಯಲ್ಲಿ ಹತ್ತು ನಿಮಿಷ ನಿಂತಾಗ ಮುಳ್ಳು ಸ್ವಲ್ಪ ಮೇಲೇರಿತು. ಕೆಂಪು ಗೆರೆಯ ಹತ್ತಿರಕ್ಕೆ ಹೋಗಲಿಲ್ಲ. ಉದ್ದವಾದ ಏರುಗಳಲ್ಲಿ ನಾನಾಗಿಯೇ ತಂಪನ್ನು ನಿಲ್ಲಿಸಿ ಎಂಜಿನ್ನಿಗೆ ಬಿಡುವು ಕೊಡುತ್ತಿದ್ದೆ. ಹಳೆಯ ಗಾಡಿಯಿಂದ ಹೊಸ ಗಾಡಿಯ ಕೊರೆಯುವ ಚಳಿಯನ್ನು ನಿರೀಕ್ಷಿಸಬಾರದು. ಹೊರಗೆ ೪೨ ಡಿಗ್ರಿ ಇರುವಾಗ ಒಳಗೆ ೨೮ರ ಆಸುಪಾಸು ಇದ್ದಿತು. ವೃದ್ಧರಿಗೆ ಅದು ಧಾರಾಳವಾಗಿ ಸಾಕು. ಚಳ್ಳಕೆರೆಯ ಬಳಿ ತಾಯಿಯವರು ನಿದ್ದೆಯಿಂದ ಎಚ್ಚತ್ತು, “ಸ್ವಲ್ಪ ಕಡಮೆ ಮಾಡಪ್ಪ, ಮೊಣಕಾಲು ನೋಯುತ್ತೆ” ಎಂದರು. ತಮ್ಮ ಹಿಂದಿನಿಂದ ಕೈ ಚಾಚಿ ಗುಂಡಿಯನ್ನು ತಿರುಗಿಸಿದ.

ಒಟ್ಟಿನಲ್ಲಿ ಹೇಳಬೇಕಾದುದಿಷ್ಟು. ಗಾಡಿಯು ಪ್ರದರ್ಶನಕ್ಕಾಗಿಯೇ ಇರುವುದಾದರೆ ಅದಕ್ಕೆ ಏನನ್ನೂ ಜೋಡಿಸಬೇಡಿ. ಬೆಳಗಿನ ಸವಾರಿಗೆ ಮಾತ್ರವಾದರೆ ರಬ್ಬರನ್ನೂ ಶಾಖ ತಡೆಯುವ ಹಾಸನ್ನೂ ಹಾಕಿಸಿ ತೃಪ್ತರಾಗಿರಿ. ಬೇಸಗೆಯ ದೂರಪ್ರಯಾಣಕ್ಕೆ ಅದು ಬೇಕೇ ಬೇಕೆಂದಾದರೆ, ಯಂತ್ರದ ಬೆಲೆಯನ್ನು ಕೇಳುವ ಮೊದಲು ರೇಡಿಯೇಟರು, ಬೀಸಣಿಗೆ, ವಿದ್ಯುತ್ತು ಇವುಗಳ ಲೆಕ್ಕವನ್ನು ಕೇಳಿರಿ. ಕೊರೆಯಬೇಕಾದ ತೂತುಗಳ ಲೆಕ್ಕವನ್ನೂ ಕೇಳಿರಿ. ಒಳಗಿನ ಉಷ್ಣವನ್ನು ಹೊರಗೆ ಹಾಕುವವನು ಅದು ಹೊರಗೆ ಎಲ್ಲಿಗೆ ಹೋಗುತ್ತದೆಂಬುದನ್ನು ಮೊದಲು ನೋಡಿಕೊಳ್ಳಬೇಕು. ಅದನ್ನು ನೋಡಿಕೊಂಡು ಮಾಡಿದರೆ ಹಳೆಯ ಗಾಡಿಯು ಷೆಡ್ಡಿನಲ್ಲಿ ನಿಂತು ಧೂಳು ಹಿಡಿಯದೆ, ತನ್ನವರನ್ನು ಕೂಡಿಸಿಕೊಂಡು ಇನ್ನೂ ಹಲವು ಬೇಸಗೆಗಳನ್ನು ದಾಟೀತು.